ಮುಂಗಾರು ಬರುವ ದಾರಿಯಲ್ಲಿ ಕೀನ್ಯಾ

ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ 1330ರ ಆಸುಪಾಸಿನಲ್ಲಿ ಪೂರ್ವ ಆಫ್ರಿಕಾದ ಮೊಗದಿಶು ಬಂದರಿನಲ್ಲಿ ಹಡಗಿನಿಂದ ಇಳಿದಾಗ ಅರಮನೆಯಿಂದ ಅವನಿಗೆ ಬಂದ ಮರ್ಯಾದೆ ಎಲೆ ಅಡಿಕೆ. ತಟ್ಟೆಯಲ್ಲಿಟ್ಟು ತಂದು ಹತ್ತು ವೀಳ್ಯದೆಲೆ, ಒಂದಿಷ್ಟು ಅಡಿಕೆ ಕೊಟ್ಟರೆಂದು ಅವನು ತನ್ನ ಪ್ರವಾಸಕಥನದಲ್ಲಿ ಬರೆಸಿದ್ದಾನೆ. ಆಮೇಲೆ ಊಟ ಬಂತು. ತುಪ್ಪ ಹಾಕಿದ ಅನ್ನ, ಹಾಲಿನಲ್ಲಿ ಬೇಯಿಸಿದ ಬಾಳೆಕಾಯಿ, ಮೊಸರು. ನೆಂಚಿಕೊಳ್ಳಲು ಲಿಂಬೆಯ ಉಪ್ಪಿನಕಾಯಿ, ಉಪ್ಪು ಹುಳಿಯಲ್ಲಿ ನೆನೆಸಿದ ಕಾಳುಮೆಣಸಿನ ಗೊಂಚಲು, ಹಸಿ ಶುಂಠಿ, ಮಾವಿನಕಾಯಿ. ಅಪ್ಪೆಮಿಡಿಯ ಭರಣಿ ಅಟ್ಟದಲ್ಲಿಟ್ಟುಕೊಂಡ ಮಲೆನಾಡಿನ ಯಾವ ಮನೆಯವರಿಗೂ ಈ ಬಡಿಸಿಕೆ ಹೊಸದೆನಿಸದು.

ಹತ್ತು ಹನ್ನೆರಡು ವರ್ಷಗಳ ನಂತರ, 1342ರ ಸುಮಾರಿಗೆ, ಅದೇ ಬತೂತಾ ಹೊನ್ನಾವರದಲ್ಲಿದ್ದ. ಅಲ್ಲಿಯೂ ಅವನ ಮುಂದೆ ಬಂದದ್ದು ತುಪ್ಪ ಸುರಿದ ಅನ್ನ, ಮೆಣಸು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ದಾಖಲಿಸಿದವನೂ ಅವನೇ. ಆ ದಿನಗಳಲ್ಲಿ ಘಟ್ಟದ ಮೇಲೆ, ಈಗಿನ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಕೋಟೆಯಲ್ಲಿ ಕದಂಬ ವಂಶದವರ ಆಳ್ವಿಕೆ ಇತ್ತು. 1347ರ ಶಾಸನದ ಪ್ರಕಾರ ವಿಜಯನಗರದ ಸಂಗಮ ಸಹೋದರರಲ್ಲೊಬ್ಬನಾದ ಮಾರಪ್ಪ ಕದಂಬ ಅರಸನನ್ನು ಸೋಲಿಸಿ ಚಂದ್ರಗುತ್ತಿಯಿಂದ ಆಳತೊಡಗಿದ. ಕೋಟೆ ಯಾರ ಕೈ ಸೇರಿದರೂ ಮೆಣಸಿನ ದಾರಿ ಬದಲಾಗಲಿಲ್ಲ. ಘಟ್ಟದ ಸೀಮೆಯಲ್ಲಿ ಬೆಳೆದ ಮೆಣಸು ಎತ್ತಿನ ಬೆನ್ನೇರಿ ಹೊನ್ನಾವರ, ಭಟ್ಕಳದ ಬಂದರುಗಳಿಗೆ ಇಳಿಯುತ್ತಿತ್ತು; ಅಲ್ಲಿಂದ ಮುಂದಿನದು ಕಡಲು, ಕಡಲಿನ ಆಚೆ ದಡದಲ್ಲಿ ಅರೇಬಿಯಾ ಮತ್ತು ಆಫ್ರಿಕಾ.

ಈಗ ಕರ್ನಾಟಕದಿಂದ ಕೀನ್ಯಾ, ತಾಂಜಾನಿಯಾಗಳಿಗೆ ಹೋಗುವವರು ಹೆಚ್ಚಾಗಿ ಸಿಂಹ, ಆನೆ, ಜಿರಾಫೆ ನೋಡಲು ಹೋಗುತ್ತಾರೆ. ನಾಲ್ಕು ದಿನ ಜೀಪಿನಲ್ಲಿ ಸುತ್ತಿ, ಸಾವಿರಗಟ್ಟಲೆ ಫೋಟೊ ತೆಗೆದು ಮರಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಆ ನೋಟಕ್ಕೆ ಸಾಟಿಯಿಲ್ಲ. ಆದರೆ ಆ ನೆಲಕ್ಕೂ ಮಲೆನಾಡಿಗೂ ಇರುವ ಹಳೆಯ ನಂಟು ಗೊತ್ತಿಲ್ಲದೆ ಹೋದವರಿಗೆ ಪ್ರವಾಸದ ಅರ್ಧ ಭಾಗ ಕಾಣದೆಯೇ ಉಳಿಯುತ್ತದೆ. ಪೂರ್ವ ಆಫ್ರಿಕಾ ದೂರದ ಕಾಡುಖಂಡವಲ್ಲ, ಒಂದೇ ಕಡಲನ್ನು ಹಂಚಿಕೊಂಡ ನೆರೆಯ ನಾಡು.

ಆ ನಂಟನ್ನು ಕಟ್ಟಿದ್ದು ಗಾಳಿ. ಜೂನ್ ತಿಂಗಳಲ್ಲಿ ಚಂದ್ರಗುತ್ತಿಯ ಬೆಟ್ಟಕ್ಕೆ ಮೋಡ ಕವಿದು ಸೊರಬದ ಗದ್ದೆಗಳಿಗೆ ನೀರು ಬರುತ್ತದಲ್ಲ, ಆ ಮಳೆಗಾಳಿ ಭೂಮಧ್ಯರೇಖೆಯ ದಕ್ಷಿಣದಿಂದ ಹೊರಟು ಕೀನ್ಯಾದ ಕರಾವಳಿಯ ಹತ್ತಿರ ರೇಖೆಯನ್ನು ದಾಟುತ್ತದೆ. ಪಶ್ಚಿಮಕ್ಕೆ ಕೀನ್ಯಾ, ಇಥಿಯೋಪಿಯಾಗಳ ಎತ್ತರದ ನೆಲ ಗೋಡೆಯಾಗಿ ನಿಂತು ಅದನ್ನು ತಡೆಯುತ್ತದೆ. ತಡೆದ ಗಾಳಿ ಒತ್ತಿ ವೇಗ ಪಡೆದು, ಸೊಮಾಲಿಯಾದ ಅಂಚಿನಲ್ಲಿ ಬಾಗಿ, ಅರಬ್ಬಿ ಸಮುದ್ರದ ತೇವ ಹೀರಿಕೊಂಡು ಸಹ್ಯಾದ್ರಿಗೆ ಬಂದು ಅಪ್ಪಳಿಸುತ್ತದೆ. ನೆಲದಿಂದ ಒಂದು, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹರಿಯುವ ಈ ಗಾಳಿಹೊಳೆಯನ್ನು ಹವಾಮಾನ ವಿಜ್ಞಾನಿ ಫಿಂಡ್‌ಲೇಟರ್ ಕೀನ್ಯಾದ ಮೇಲಿನ ಅಳತೆಗಳನ್ನು ಆಧರಿಸಿ 1969ರಲ್ಲಿ ವಿವರಿಸಿದರು. ಹವಾಮಾನದವರು ಅದನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಕೀನ್ಯಾದ ಬೆಟ್ಟಗಳು ಅಲ್ಲಿರದಿದ್ದರೆ ನಮ್ಮ ಮುಂಗಾರು ಈಗಿನಂತೆ ಇರುತ್ತಿರಲಿಲ್ಲ.

ಇದೇ ಗಾಳಿಯನ್ನು ನಂಬಿ ಹಾಯಿಹಡಗುಗಳು ಓಡಾಡಿದವು. ಡಿಸೆಂಬರಿನಿಂದ ಮಾರ್ಚಿನವರೆಗೆ ಈಶಾನ್ಯದ ಗಾಳಿ ಹಿಡಿದು ನಮ್ಮ ಕರೆಯಿಂದ ಆಫ್ರಿಕಾಕ್ಕೆ, ಏಪ್ರಿಲಿನಿಂದ ಗಾಳಿ ತಿರುಗಿದ ಮೇಲೆ ಅಲ್ಲಿಂದ ಇಲ್ಲಿಗೆ. ಗಾಳಿಯ ಲೆಕ್ಕ ತಪ್ಪಿದವರಿಗೆ ಏನಾಗುತ್ತಿತ್ತೆಂಬುದಕ್ಕೆ ವಾಸ್ಕೊ ಡ ಗಾಮನ ಪಯಣವೇ ಸಾಕ್ಷಿ. 1498ರ ಏಪ್ರಿಲ್ 24ರಂದು ಅವನು ಈಗಿನ ಕೀನ್ಯಾದ ಮಲಿಂದಿಯಿಂದ ಅಲ್ಲಿಯ ದಾರಿ ಬಲ್ಲ ನಾವಿಕನೊಬ್ಬನನ್ನು ಜೊತೆಗೆ ಕರೆದುಕೊಂಡು ಹೊರಟ. ಒಂದು ತಿಂಗಳೂ ಆಗಲಿಲ್ಲ, ಕಲ್ಲಿಕೋಟೆ ಮುಟ್ಟಿದ. ಮರಳುವಾಗ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿ, ಅಕ್ಟೋಬರ್ ಆರಂಭದಲ್ಲಿ, ಅಂದರೆ ಗಾಳಿ ಸರಿಯಾಗಿ ತಿರುಗುವ ಮೊದಲೇ ಹೊರಟುಬಿಟ್ಟ. ಮಲಿಂದಿ ತಲುಪಲು ಮೂರು ತಿಂಗಳು ಹಿಡಿಯಿತು. ವಸಡು ಬಾತು, ಕೈಕಾಲು ಊದಿ ಆ ಒಂದು ದಾಟಿನಲ್ಲೇ ಸುಮಾರು 30 ಮಂದಿ ಸತ್ತರು.

ಈಗ ಮುಂಬೈಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಸುಮಾರು ಆರು ಗಂಟೆ. ಚಂದ್ರಗುತ್ತಿಯವರು ತಾಳಗುಪ್ಪಕ್ಕೆ ಬಂದು ರಾತ್ರಿ ರೈಲು ಹತ್ತಿ ಬೆಂಗಳೂರು ಸೇರುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬೆಂಗಳೂರಿನಿಂದ ಹೊರಡುವವರು ಮುಂಬೈ, ಅಡಿಸ್ ಅಬಾಬಾ ಅಥವಾ ಕೊಲ್ಲಿಯ ಯಾವುದಾದರೂ ಊರಿನಲ್ಲಿ ವಿಮಾನ ಬದಲಿಸಿ ಹೋಗುತ್ತಾರೆ. 2024ರ ಜನವರಿಯಿಂದ ಕೀನ್ಯಾ ವೀಸಾ ಪದ್ಧತಿಯನ್ನು ಕೈಬಿಟ್ಟು, ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪ್ರಯಾಣದ ಅನುಮತಿ ಪಡೆಯುವ ವ್ಯವಸ್ಥೆ ತಂದಿದೆ. ಶುಲ್ಕ ಸುಮಾರು 30 ಡಾಲರ್. ತಾಂಜಾನಿಯಾಕ್ಕೆ ಆನ್‌ಲೈನ್ ವೀಸಾ ಬೇಕು.

ಇದಕ್ಕಿಂತ ಮುಖ್ಯವಾದ ಕಾಗದ ಇನ್ನೊಂದಿದೆ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವ ಹಳದಿ ಪುಸ್ತಿಕೆ. ಈ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಕೀನ್ಯಾ ಇದೆ. ಅಲ್ಲಿಂದ ಮರಳುವಾಗ ಆ ಪುಸ್ತಿಕೆ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿ ಆರೋಗ್ಯ ಅಧಿಕಾರಿಗಳು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಊರಿನ ಆಸ್ಪತ್ರೆಯಲ್ಲಿ ಹಾಕುವುದಿಲ್ಲ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಅವುಗಳಲ್ಲಿ ಒಂದು. ಚುಚ್ಚಿಸಿಕೊಂಡು ಹತ್ತು ದಿನ ಕಳೆದ ಮೇಲೆಯೇ ಪ್ರಮಾಣಪತ್ರಕ್ಕೆ ಬೆಲೆ. ಒಮ್ಮೆ ಹಾಕಿಸಿದರೆ ಬದುಕಿಡೀ ಸಾಕೆಂಬ ನಿಯಮ 2016ರಿಂದ ಜಾರಿಯಲ್ಲಿದೆ. ಅರವತ್ತು ದಾಟಿದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಭಾರತ ಈ ಜ್ವರದ ವಿಷಯದಲ್ಲಿ ಇಷ್ಟು ಬಿಗಿಯಾಗಿರಲು ಕಾರಣವಿದೆ, ಸೊರಬದವರಿಗೆ ಅದು ಬೇಗ ಅರ್ಥವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು, ಕೆಲವರು ತೀರಿಕೊಂಡರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಓಡೋಡಿ ಬಂದದ್ದು ಒಂದು ಭಯದಿಂದ: ಮಂಗವೂ ಸಾಯುತ್ತಿದೆ, ಮನುಷ್ಯನೂ ಸಾಯುತ್ತಿದ್ದಾನೆ ಎಂದರೆ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ? ಆ ಜ್ವರ ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ಕಾಡಿನ ತುಂಬ ಮಂಗಗಳಿವೆ, ಲಸಿಕೆ ಹಾಕಿಸಿಕೊಳ್ಳದ ಕೋಟ್ಯಂತರ ಜನರಿದ್ದಾರೆ. ಒಮ್ಮೆ ಬಂದರೆ ತಡೆಯುವವರಿಲ್ಲ. ಪರೀಕ್ಷೆ ಮಾಡಿದಾಗ ಅದು ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ ಹೊಸದೊಂದು ವೈರಸ್ ಎಂದು ತಿಳಿಯಿತು. ಮಲೆನಾಡು ಅದನ್ನು ಮಂಗನ ಕಾಯಿಲೆ ಎಂದು ಕರೆಯಿತು, ಜಗತ್ತು ಕ್ಯಾಸನೂರು ಕಾಡಿನ ರೋಗ ಎಂದು. ಹಳದಿ ಜ್ವರದ ವೈರಸ್ಸೂ ಇದೂ ಒಂದೇ ಕುಟುಂಬಕ್ಕೆ ಸೇರಿದವು.

ಇದಕ್ಕೆ ಹತ್ತು ವರ್ಷ ಮೊದಲು, 1947ರಲ್ಲಿ, ಕೀನ್ಯಾದ ನೆರೆಯ ಉಗಾಂಡಾದಲ್ಲಿ ಹಳದಿ ಜ್ವರದ ಅಧ್ಯಯನಕ್ಕೆಂದು ಕಾಡಿನಲ್ಲಿ ಪಂಜರದಲ್ಲಿಟ್ಟಿದ್ದ ಮಂಗವೊಂದಕ್ಕೆ ಜ್ವರ ಬಂತು. ಅದರ ರಕ್ತದಲ್ಲಿ ಸಿಕ್ಕಿದ ವೈರಸ್ಸಿಗೆ ಆ ಕಾಡಿನದೇ ಹೆಸರಿಟ್ಟರು. ಅದು ಝಿಕಾ. ಅದೂ ಇದೇ ಕುಟುಂಬದ್ದು. ಆ ಅಧ್ಯಯನ ನಡೆಸುತ್ತಿದ್ದ ಎಂಟೆಬೆಯ ಸಂಸ್ಥೆಗೂ ಪುಣೆಯ ಕೇಂದ್ರಕ್ಕೂ ಬೆನ್ನಿಗಿದ್ದದ್ದು ಒಂದೇ ರಾಕ್‌ಫೆಲರ್ ಪ್ರತಿಷ್ಠಾನ. ಉಗಾಂಡಾದ ಒಂದು ಕಾಡಿನ ತುಣುಕು, ಸೊರಬದ ಒಂದು ಕಾಡಿನ ತುಣುಕು, ಎರಡರ ಹೆಸರೂ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಸೇರಿಹೋಗಿವೆ. ಮಂಗನ ಕಾಯಿಲೆಯಿಂದ ಮನೆಯವರನ್ನು ಕಳೆದುಕೊಂಡ ಸೀಮೆಯವರಿಗೆ ಹಳದಿ ಪುಸ್ತಿಕೆ ಬರಿಯ ಕಾಟದ ಕಾಗದವಾಗಿ ಕಾಣಲಾರದು.

ಗಂಟು ಕಟ್ಟುವಾಗಲೂ ಎಚ್ಚರ ಬೇಕು. ಪ್ರಯಾಣವೆಂದರೆ ಅವಲಕ್ಕಿ, ಚಟ್ನಿಪುಡಿ, ಹಪ್ಪಳ ಎಲ್ಲವನ್ನೂ ಬೇರೆಬೇರೆ ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ ಕಟ್ಟುವುದು ನಮ್ಮ ರೂಢಿ. ಕೀನ್ಯಾ 2017ರ ಆಗಸ್ಟಿನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ಪೂರ್ತಿ ನಿಷೇಧಿಸಿತು. ಜಗತ್ತಿನ ಅತಿ ಕಠಿಣ ಕಾನೂನುಗಳಲ್ಲಿ ಅದೊಂದು. ದೊಡ್ಡ ದಂಡವೂ ಜೈಲೂ ಇದೆ. 2020ರಿಂದ ರಾಷ್ಟ್ರೀಯ ಉದ್ಯಾನಗಳೊಳಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯನ್ನೂ ಒಯ್ಯುವಂತಿಲ್ಲ. ಬಟ್ಟೆಯ ಚೀಲ, ಸ್ಟೀಲಿನ ಡಬ್ಬ ಒಯ್ದರೆ ನೆಮ್ಮದಿ. ನಮ್ಮ ಜಾತ್ರೆಗಳ ಮರುದಿನದ ಬಯಲನ್ನು ಕಂಡವರು ಕೀನ್ಯಾದ ಈ ನಿರ್ಧಾರವನ್ನು ಮೆಚ್ಚದೆ ಇರಲಾರರು.

ಆಫ್ರಿಕಾ ಎಂದರೆ ಸುಡುಬಿಸಿಲು ಎಂದುಕೊಂಡು ನೈರೋಬಿಯಲ್ಲಿ ಇಳಿದವರಿಗೆ ಮೊದಲು ಆಗುವ ಅನುಭವ ಚಳಿ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ಎತ್ತರದಲ್ಲಿ ಲಕ್ಷಾಂತರ ಜನರ ಊರೊಂದನ್ನು ಕಟ್ಟಿದ್ದಾರೆ. ಜೂನ್, ಜುಲೈಯಲ್ಲಿ ಬೆಳಿಗ್ಗೆ ಸ್ವೆಟರ್ ಇಲ್ಲದೆ ಹೊರಬರುವುದು ಕಷ್ಟ. ಸೊಳ್ಳೆ, ಮಲೇರಿಯಾಗಳ ಕಾಟ ನೈರೋಬಿಯಲ್ಲಿ ಕಡಿಮೆ, ಕರಾವಳಿಗೆ ಇಳಿದರೆ ಹೆಚ್ಚು.

ಗಡಿಯಾರವನ್ನು ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಬೇಕು. ಅಷ್ಟೇ ಸಾಲದು. ಸ್ವಾಹಿಲಿ ಮಾತಾಡುವವರು ಹೊತ್ತನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ, ನಮ್ಮ ಎಂಟು ಅವರ ಎರಡು. ಭೂಮಧ್ಯರೇಖೆಯ ಬದಿಯಲ್ಲೇ ಇರುವ ನಾಡಾದ್ದರಿಂದ ವರ್ಷವಿಡೀ ಆರೂಕಾಲು, ಆರೂವರೆಯ ಹೊತ್ತಿಗೆ ಬೆಳಗಾಗುತ್ತದೆ, ಸಂಜೆ ಅದೇ ಹೊತ್ತಿಗೆ ಕತ್ತಲು. ಹಾಗಾಗಿ ಅವರ ಲೆಕ್ಕ ತಪ್ಪುವುದಿಲ್ಲ. ಪಂಚಾಂಗದಲ್ಲಿ ಉದಯದಿಂದ ಗಳಿಗೆ ಎಣಿಸುವುದನ್ನು ಬಲ್ಲವರಿಗೆ ಇದು ಸಹಜವೆನಿಸೀತು. ಗೊತ್ತಿಲ್ಲದವರು ಮಾತ್ರ ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಹಳ್ಳಿಯ ಕಡೆ ಹೊತ್ತು ಕೇಳಿದಾಗ ಯಾವ ಲೆಕ್ಕದ್ದೆಂದು ಇನ್ನೊಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಊರೊಳಗೆ ಓಡಾಡಲು ಮಟಾಟು ಎಂಬ ವ್ಯಾನುಗಳಿವೆ. ಬಣ್ಣಬಣ್ಣದ ಚಿತ್ರ, ಜೋರು ಹಾಡು, ಬಾಗಿಲಲ್ಲಿ ನೇತಾಡುತ್ತ ಊರಿನ ಹೆಸರು ಕೂಗುವ ಕಂಡಕ್ಟರ್. ಶಿಕಾರಿಪುರ, ಸೊರಬದ ದಾರಿಗಳಲ್ಲಿ ಮ್ಯಾಕ್ಸಿಕ್ಯಾಬ್ ಹತ್ತಿದವರಿಗೆ ಅಂಜಿಕೆ ಬೇಡ. ದುಡ್ಡಿನ ವಿಷಯದಲ್ಲಿ ಕೀನ್ಯಾ ನಮಗಿಂತ ಮುಂದೆ ನಡೆದ ದೇಶ. 2007ರ ಮಾರ್ಚಿನಲ್ಲೇ ಅಲ್ಲಿ ಎಂ-ಪೆಸಾ ಶುರುವಾಯಿತು. ಸ್ಮಾರ್ಟ್‌ಫೋನ್ ಬೇಡ, ಬ್ಯಾಂಕ್ ಖಾತೆ ಬೇಡ. ಗುಂಡಿಯೊತ್ತುವ ಸಾದಾ ಫೋನಿನಿಂದ ಹಣ ಕಳಿಸಬಹುದಿತ್ತು. ನಮ್ಮ ಯುಪಿಐ ಬಂದದ್ದು 2016ರಲ್ಲಿ. ಬೀದಿಯ ತರಕಾರಿ ಮಾರುವ ಹೆಂಗಸು ಫೋನಿನಲ್ಲಿ ಹಣ ತೆಗೆದುಕೊಳ್ಳುವ ನೋಟವನ್ನು ಆಫ್ರಿಕಾ ನಮಗಿಂತ ಒಂಬತ್ತು ವರ್ಷ ಮೊದಲೇ ಕಂಡಿತ್ತು. ಹಿಂದುಳಿದ ಖಂಡವೆಂದು ಮನಸ್ಸಿನಲ್ಲಿ ಬರೆದುಕೊಂಡು ಹೋದವರು ಅದನ್ನು ಅಲ್ಲಿಯೇ ಅಳಿಸಬೇಕಾಗುತ್ತದೆ.

ಊಟದ ಚಿಂತೆ ನಮ್ಮವರಿಗೆ ಯಾವಾಗಲೂ ಮೊದಲನೆಯದು. ಕೀನ್ಯಾದ ದಿನದೂಟ ಉಗಾಲಿ, ಮೆಕ್ಕೆಜೋಳದ ಬಿಳಿ ಹಿಟ್ಟನ್ನು ಕುದಿವ ನೀರಿಗೆ ಹಾಕಿ ತೊಳಸಿ ಗಟ್ಟಿ ಮಾಡಿದ್ದು, ನೋಡಲು ಬಿಳಿಯ ಮುದ್ದೆಯೇ. ಕೈಯಲ್ಲಿ ಮುರಿದು, ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯದ ಜೊತೆ ತಿನ್ನುತ್ತಾರೆ. ಮಾಂಸ ತಿನ್ನದವರಿಗೆ ಚಪಾತಿ, ಬೇಯಿಸಿದ ಹುರುಳಿಕಾಯಿ ಕಾಳಿನ ಸಾರು, ಮೆಕ್ಕೆಜೋಳ ಮತ್ತು ಕಾಳು ಬೆರೆಸಿ ಬೇಯಿಸಿದ ಗಿಥೇರಿ ಎಲ್ಲ ಕಡೆ ಸಿಗುತ್ತವೆ. ಹಾಲು ಹಾಕಿ ಕುದಿಸಿದ ಚಹಾಕ್ಕಂತೂ ಬರವಿಲ್ಲ. 1903ರಲ್ಲಿ ನೈರೋಬಿಯ ಹತ್ತಿರದ ಲಿಮುರುವಿನಲ್ಲಿ ನೆಟ್ಟ ಮೊದಲ ಚಹಾ ಗಿಡಗಳು ಭಾರತದಿಂದ ಹೋದವು. ಈಗ ಕಪ್ಪು ಚಹಾ ರಫ್ತಿನಲ್ಲಿ ಕೀನ್ಯಾ ಜಗತ್ತಿಗೇ ಮುಂದು.

ಬೆಳಿಗ್ಗೆ ಬೀದಿಬದಿಯಲ್ಲಿ ಉಜಿ ಎಂಬ ಬಿಸಿ ಗಂಜಿ ಮಾರುತ್ತಾರೆ. ಅದರಲ್ಲಿ ಕಂದು ಬಣ್ಣದ್ದನ್ನು ಕೇಳಿ ಕುಡಿದರೆ ಕನ್ನಡಿಗನ ನಾಲಿಗೆಗೆ ಕೂಡಲೇ ಗುರುತು ಹತ್ತುತ್ತದೆ. ಅದು ರಾಗಿ. ಆದರೆ ಕನ್ನಡ ನಾಡಿನಿಂದ ಅಲ್ಲಿಗೆ ಹೋದದ್ದಲ್ಲ, ಅಲ್ಲಿಂದ ಇಲ್ಲಿಗೆ ಬಂದದ್ದು. ಇಥಿಯೋಪಿಯಾ, ಉಗಾಂಡಾಗಳ ಎತ್ತರದ ನೆಲದಲ್ಲಿ ಸಾವಿರಾರು ವರ್ಷಗಳ ಹಿಂದೆ ಕಾಡುಹುಲ್ಲಿನಿಂದ ಪಳಗಿಸಿದ ಧಾನ್ಯ ಅದು. ಕಡಲು ದಾಟಿ ದಖನ್ನಿನ ಕೆಂಪು ನೆಲಕ್ಕೆ ಹೊಂದಿಕೊಂಡು ನಮ್ಮದೇ ಆಗಿಬಿಟ್ಟಿತು. ಅವರೆ, ಅಲಸಂದೆಗಳ ಮೂಲವೂ ಆಫ್ರಿಕಾವೇ. ಕರ್ನಾಟಕದ ರೈತನ ಮನೆಯ ಮುದ್ದೆ ಮತ್ತು ಅವರೆಕಾಳಿನ ಸಾರು, ಎರಡಕ್ಕೂ ಬೇರು ಅಲ್ಲಿ.

ಈ ಬೇರನ್ನು ಹುಡುಕಿ ಮತ್ತೆ ಕಸಿ ಮಾಡಿದವರು ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರು. ಆಫ್ರಿಕಾದ ರಾಗಿಗೆ ತೆನೆ ದಪ್ಪ, ಕಾಂಡ ಗಟ್ಟಿ, ರೋಗ ತಡೆಯುವ ಶಕ್ತಿ ಹೆಚ್ಚು. ನಮ್ಮದಕ್ಕೆ ಇಲ್ಲಿನ ಹವೆಯ ರೂಢಿ. ರಾಗಿಯ ಹೂ ಕಣ್ಣಿಗೆ ಕಾಣದಷ್ಟು ಸಣ್ಣದು, ಕೈಯಿಂದ ಅಡ್ಡತಳಿ ಮಾಡುವುದು ಬಹಳ ತಾಳ್ಮೆಯ ಕೆಲಸ. 1960ರ ದಶಕದಿಂದ ಅವರು ಎರಡನ್ನೂ ಕೂಡಿಸಿ ತೆಗೆದ ತಳಿಗಳಿಗೆ ಭಾರತ ಮತ್ತು ಆಫ್ರಿಕಾ ಎರಡರ ಹೆಸರನ್ನೂ ಸೇರಿಸಿ ಇಂಡಾಫ್ ಎಂದಿಟ್ಟರು. ಆ ತಳಿಗಳು ಬಂದ ಮೇಲೆ ರಾಜ್ಯದ ರಾಗಿ ಇಳುವರಿ ಏರಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಕಡಲಾಚೆಯ ನಂಟಿನ ಬಗ್ಗೆ ಕರ್ನಾಟಕದಲ್ಲಿ ಯಾರಿಗಾದರೂ ಸ್ಮಾರಕ ಕಟ್ಟುವುದಿದ್ದರೆ ಅದು ಅವರಿಗೇ ಸಲ್ಲಬೇಕು.

ಇನ್ನು ಕಾಡಿನ ಮಾತು. ಭದ್ರಾ, ನಾಗರಹೊಳೆಯಂಥ ನಮ್ಮ ಕಾಡುಗಳಲ್ಲಿ ಪ್ರಾಣಿ ಕಾಣುವುದು ಪುಣ್ಯ. ಬಿದಿರಿನ ಹಿಂದೆ ಒಂದು ಬಾಲ, ಒಂದು ಕಿವಿ ಕಂಡರೂ ಸಂತೋಷ. ಕೀನ್ಯಾದ ಮಸಾಯಿ ಮಾರಾದ 1,510 ಚದರ ಕಿಲೋಮೀಟರ್ ಹುಲ್ಲುಬಯಲಿನಲ್ಲಿ ಮರೆಯೇ ಇಲ್ಲ. ಜುಲೈಯಿಂದ ಅಕ್ಟೋಬರಿನವರೆಗೆ ತಾಂಜಾನಿಯಾದ ಸೆರೆಂಗೆಟಿಯಿಂದ ಹುಲ್ಲು ಅರಸಿ ಬರುವ ವೈಲ್ಡ್‌ಬೀಸ್ಟ್‌ಗಳ ಹಿಂಡು ಹತ್ತು ಲಕ್ಷವನ್ನೂ ಮೀರುತ್ತದೆ, ಜೊತೆಗೆ ಲಕ್ಷಾಂತರ ಜೀಬ್ರಾ. ಮೊಸಳೆ ತುಂಬಿದ ಮಾರಾ ನದಿಯನ್ನು ಅವು ದಾಟುವುದನ್ನು ಕಂಡವರು ಬೇರೆ ಮಾತಾಡಲಾರರು. ಆದರೆ ವೆಚ್ಚ ಭಾರಿ. 2024ರಿಂದ ಜುಲೈ–ಡಿಸೆಂಬರ್ ಅವಧಿಯಲ್ಲಿ ವಿದೇಶಿಯರಿಗೆ ಪ್ರವೇಶ ಶುಲ್ಕವೇ ದಿನಕ್ಕೆ 200 ಡಾಲರ್, ವರ್ಷದ ಮೊದಲರ್ಧದಲ್ಲಿ 100. ಅಷ್ಟು ಕೊಡಲಾಗದವರಿಗೆ ನೈರೋಬಿ ರಾಷ್ಟ್ರೀಯ ಉದ್ಯಾನ ಇದೆ. 1946ರಲ್ಲಿ ಆರಂಭವಾದ, ಸುಮಾರು 117 ಚದರ ಕಿಲೋಮೀಟರಿನ ಈ ಬಯಲಿನಲ್ಲಿ ಊರಿನ ಎತ್ತರದ ಕಟ್ಟಡಗಳನ್ನು ಹಿನ್ನೆಲೆಯಾಗಿಟ್ಟುಕೊಂಡು ಸಿಂಹ, ಘೇಂಡಾಮೃಗಗಳು ಓಡಾಡುತ್ತವೆ. ಅದೇ ಊರಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ತುರ್ಕಾನಾ ಸರೋವರದ ಬಳಿ 1984ರಲ್ಲಿ ಸಿಕ್ಕಿದ, ಸುಮಾರು 15 ಲಕ್ಷ ವರ್ಷ ಹಿಂದಿನ ಹುಡುಗನ ಎಲುಬುಗೂಡಿದೆ. ತೇಜಸ್ವಿಯವರ ‘ಮಿಸ್ಸಿಂಗ್ ಲಿಂಕ್’ ಓದಿ ಬೆಳೆದವರು ಈ ಒಂದು ಕೋಣೆಗಾಗಿಯೇ ಅರ್ಧ ದಿನ ಎತ್ತಿಡಬೇಕು.

ನೈರೋಬಿಯಿಂದ ಕರಾವಳಿಯ ಮೊಂಬಾಸಾಕ್ಕೆ ರೈಲಿನಲ್ಲಿ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. 2017ರಲ್ಲಿ ಶುರುವಾದ ಹೊಸ ಮಾರ್ಗದಲ್ಲಿ ಸುಮಾರು ಐದು ಗಂಟೆ. ಕಿಟಕಿಯಿಂದ ತ್ಸಾವೋದ ಕೆಂಪು ಮಣ್ಣು, ಆ ಮಣ್ಣು ಮೈಗೆಲ್ಲ ಎರಚಿಕೊಂಡು ಕೆಂಪಾದ ಆನೆಗಳು ಕಾಣುತ್ತವೆ. ಇದರ ಪಕ್ಕದಲ್ಲೇ ಹಳೆಯ ಹಳಿ ಇದೆ. ಬ್ರಿಟಿಷರು 1896ರಿಂದ 1901ರವರೆಗೆ ಹಾಕಿಸಿದ ಉಗಾಂಡಾ ರೈಲ್ವೆ ಅದು. ಕೆಲಸಕ್ಕೆ ಭಾರತದಿಂದ, ಬಹುಪಾಲು ಪಂಜಾಬಿನಿಂದ, ಸುಮಾರು 32,000 ಕೂಲಿಗಳನ್ನು ಒಯ್ದರು. ಅವರಲ್ಲಿ ಸುಮಾರು 2,500 ಮಂದಿ ರೋಗ, ಅಪಘಾತಗಳಿಗೆ ಬಲಿಯಾದರು. 1898ರಲ್ಲಿ ತ್ಸಾವೋ ಸೇತುವೆ ಕಟ್ಟುವಾಗ ಎರಡು ಸಿಂಹಗಳು ತಿಂಗಳುಗಟ್ಟಲೆ ಕೂಲಿಗಳ ಡೇರೆಗಳಿಗೆ ನುಗ್ಗಿ ಜನರನ್ನು ಎಳೆದೊಯ್ದವು. ಸಿಂಹಗಳ ಕಥೆ ಸಿನಿಮಾ ಆಯಿತು. ಸತ್ತ ಕೂಲಿಗಳ ಹೆಸರು ಎಷ್ಟು ಜನಕ್ಕೆ ಗೊತ್ತು? ರೈಲು ಹೋದಲ್ಲೆಲ್ಲ ಭಾರತೀಯರ ಅಂಗಡಿಗಳು ಎದ್ದವು. 1920ರವರೆಗೆ ಅಲ್ಲಿ ರೂಪಾಯಿಯೇ ಚಲಾವಣೆಯಲ್ಲಿತ್ತು. ಇದೇ ಜನರನ್ನು ಉಗಾಂಡಾದ ಇದಿ ಅಮೀನ್ 1972ರಲ್ಲಿ 90 ದಿನಗಳ ಗಡುವು ಕೊಟ್ಟು ಹೊರದಬ್ಬಿದ. ಕೀನ್ಯಾ 2017ರಲ್ಲಿ ತನ್ನ ಏಷ್ಯಾ ಮೂಲದ ನಾಗರಿಕರನ್ನು ದೇಶದ 44ನೆಯ ಬುಡಕಟ್ಟು ಎಂದು ಘೋಷಿಸಿತು.

ಮೊಂಬಾಸಾ ತಲುಪಿದಾಗ ಸೆಕೆ, ತೆಂಗು, ಮಾವು, ಗೇರು. ಕುಮಟಾ, ಹೊನ್ನಾವರ ಕಂಡವರಿಗೆ ಒಂದು ಕ್ಷಣ ಗಲಿಬಿಲಿ. ಪೋರ್ಚುಗೀಸರು 1593ರಲ್ಲಿ ಕಟ್ಟತೊಡಗಿದ ಫೋರ್ಟ್ ಜೀಸಸ್ ಕೋಟೆ ಕಡಲಿಗೆ ಮುಖ ಮಾಡಿ ನಿಂತಿದೆ. ಪಕ್ಕದ ಹಳೆಯ ಪೇಟೆಯ ಓಣಿಗಳಲ್ಲಿ ಕೆತ್ತನೆಯ ಬಾಗಿಲುಗಳಿವೆ. ಅವುಗಳಲ್ಲಿ ಕೆಲವು ಗುಜರಾತಿನ ಶೈಲಿಯವು. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ ಆರಂಭಿಸಿದ ಕಾರ್ಖಾನೆಯಿಂದ ಶುರುವಾದ ಮಂಗಳೂರು ಹೆಂಚು ಹಡಗೇರಿ ಪೂರ್ವ ಆಫ್ರಿಕಾಕ್ಕೂ ಹೋಯಿತು. ಹಳೆಯ ಮಾಡುಗಳನ್ನು ಕತ್ತೆತ್ತಿ ನೋಡುತ್ತ ನಡೆದರೆ ನಷ್ಟವಿಲ್ಲ.

ಅಲ್ಲಿಂದ ಇಲ್ಲಿಗೆ ಬಂದ ಸರಕೂ ಇತ್ತು. ಸೊರಬ, ಸಾಗರದ ಗುಡಿಗಾರರು ಗಂಧದ ಜೊತೆಗೆ ಆನೆಯ ದಂತವನ್ನೂ ಕೆತ್ತುತ್ತಿದ್ದರು. ಆ ಕಾಲದಲ್ಲಿ ಮುಂಬೈಯಲ್ಲಿ ಇಳಿಯುತ್ತಿದ್ದ ದಂತದ ದೊಡ್ಡ ಪಾಲು ಬರುತ್ತಿದ್ದುದು ಈಗ ತಾಂಜಾನಿಯಾಕ್ಕೆ ಸೇರಿದ ಝಾಂಝಿಬಾರ್ ದ್ವೀಪದಿಂದ. ಆಫ್ರಿಕಾದ ಒಳನಾಡಿನಿಂದ ಕರಾವಳಿಗೆ ಅದನ್ನು ಹೊತ್ತು ತಂದವರಲ್ಲಿ ಅನೇಕರು ಗುಲಾಮರು. ಝಾಂಝಿಬಾರಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ಆ ಜಾಗದಲ್ಲಿ ಈಗ ಇಗರ್ಜಿ ಇದೆ, ನೆಲಮಾಳಿಗೆಗಳನ್ನು ಪ್ರವಾಸಿಗರಿಗೆ ತೋರಿಸುತ್ತಾರೆ. ಕೀನ್ಯಾ 2016ರ ಏಪ್ರಿಲ್ 30ರಂದು 105 ಟನ್ ದಂತವನ್ನು ರಾಶಿ ಹಾಕಿ ಸುಟ್ಟಿತು. ದಂತದ ಸಾಮಾನು ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ಮುಟ್ಟಲೂ ಬಾರದು.

ಗುಲಾಮರನ್ನು ತುಂಬಿದ ಹಡಗುಗಳು ನಮ್ಮ ಕರೆಗೂ ಬಂದವು. ಪೋರ್ಚುಗೀಸರು ಗೋವೆಗೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳೇ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡು, ಶಿರಸಿ ಸೀಮೆಯ ಸಿದ್ದಿಗಳು. ಪೂರ್ವ ಆಫ್ರಿಕಾದ ಬಾಂಟು ಜನರೊಂದಿಗೆ ಅವರಿಗಿರುವ ರಕ್ತಸಂಬಂಧವನ್ನು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಸೇರಿ ನಡೆಸಿದ ಅಧ್ಯಯನ 2011ರಲ್ಲಿ ದೃಢಪಡಿಸಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ ಸಿನಿಮಾದಲ್ಲಿ ಹೆಸರು ಮಾಡಿದರು. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮಠದ ಆವರಣದ ದೈತ್ಯ ಮರಗಳೂ ಆಫ್ರಿಕಾದ ಬೋಬಾಬ್ ಜಾತಿಯವು. ಮೊಂಬಾಸಾದ ಬೀದಿಬದಿಯಲ್ಲಿ ಅದೇ ಮರ ಬೇಕಾದಷ್ಟು ಕಾಣುತ್ತದೆ.

ಇಷ್ಟೆಲ್ಲ ನಂಟಿದ್ದೂ ನಾವು ಆಫ್ರಿಕಾದವರನ್ನು ನಡೆಸಿಕೊಂಡ ಬಗೆಯನ್ನು ಹೇಳದೆ ಬಿಡುವುದು ಸರಿಯಲ್ಲ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದಲ್ಲಿ, ಬೇರೊಬ್ಬ ವಿದೇಶಿಯ ಕಾರು ಮಾಡಿದ ಅಪಘಾತದ ಸಿಟ್ಟಿಗೆ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಆ ಸುದ್ದಿ ಅವಳ ದೇಶಕ್ಕೆಲ್ಲ ಮುಟ್ಟಿತು. ನೈರೋಬಿ, ದಾರ್ ಎಸ್ ಸಲಾಮ್‌ಗಳ ಬೀದಿಯಲ್ಲಿ ದಾರಿ ಕೇಳುವ ಕನ್ನಡಿಗನನ್ನು ಜನ ಸಾಮಾನ್ಯವಾಗಿ ನಿಂತು, ನಗುತ್ತ, ತಿರುವಿನವರೆಗೆ ಜೊತೆಗೆ ಬಂದು ತೋರಿಸಿ ಕಳಿಸುತ್ತಾರೆ. ಅದಕ್ಕೆ ಪ್ರತಿಯಾಗಿ ನಾವು ಕೊಡಬೇಕಾದದ್ದು ಬಹಳವೇನಲ್ಲ. ವಯಸ್ಸಾದವರು ಎದುರಾದರೆ ‘ಶಿಕಮೂ’ ಎಂದು ನಮಸ್ಕರಿಸುವುದು ಅಲ್ಲಿಯ ಮರ್ಯಾದೆ. ಮಸಾಯಿ ಬುಡಕಟ್ಟಿನ ಹೆಂಗಸರ, ಮಕ್ಕಳ ಫೋಟೊ ಕೇಳದೆ ತೆಗೆಯಬಾರದು. ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಗೆ ಬಂದ ಹೆಣ್ಣುಮಕ್ಕಳತ್ತ ಹೊರಗಿನವರು ಕ್ಯಾಮೆರಾ ಹಿಡಿದಾಗ ಎಷ್ಟು ನೋವಾಗುತ್ತಿತ್ತೆಂಬುದು ಆ ಊರಿನವರಿಗೆ ಗೊತ್ತಿರುವ ಸಂಗತಿ.

ಹೋಗುವ ಮನಸ್ಸಿದ್ದವರು ಏಪ್ರಿಲ್, ಮೇ ತಿಂಗಳ ದೊಡ್ಡ ಮಳೆಯನ್ನು ತಪ್ಪಿಸಿ ದಿನ ಗೊತ್ತುಮಾಡಿಕೊಳ್ಳಿ. ಜನವರಿ, ಫೆಬ್ರವರಿ ಖರ್ಚಿಗೂ ಹವೆಗೂ ಹಿತ. ಪ್ರವಾಸ ಕಂಪನಿಯವರು ಕೊಡುವ ಪಟ್ಟಿಯಲ್ಲಿ ಬರೀ ಉದ್ಯಾನಗಳಿದ್ದರೆ ಒಂದನ್ನು ಬಿಟ್ಟು ಮೊಂಬಾಸಾಕ್ಕೆ ಎರಡು ದಿನ ಕೇಳಿ ಪಡೆಯಿರಿ. ರಾಗಿ ಗಂಜಿ ಕುಡಿಯದೆ, ಹಳೆಯ ಪೇಟೆಯಲ್ಲಿ ನಡೆಯದೆ ಮರಳಬೇಡಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲಿಗಿಂತ ತಡಮಾಡಬೇಡಿ. ಕೇಂದ್ರಗಳಲ್ಲಿ ದಿನ ಸಿಗುವುದೇ ಕಷ್ಟ, ಆದ್ದರಿಂದ ಟಿಕೆಟ್ ತೆಗೆದ ವಾರವೇ ಹೆಸರು ಬರೆಸಿಬಿಡಿ.